ಕೌದಿ ಮ್ಯೂಸಿಯಂ ಮತ್ತು ನಮ್ಮ ಸಿದ್ದಿ ಕೌದಿ

ಅಮೆರಿಕದ ಕೌದಿ ಮ್ಯೂಸಿಯಂ ಶುರುವಾಗಿದ್ದು ಹೇಗೆ, ಶಿರಸಿ ಕಡೆಯ ಕೌದಿಗೂ ಅಂಥ ಮರ್ಯಾದೆ ಸಿಕ್ಕಿದೆಯಾ ಅಂತ ಕೇಳಿದ್ದೀರಿ.

ನೆಬ್ರಾಸ್ಕಾ ರಾಜ್ಯದ ಲಿಂಕನ್ ಊರಿನಲ್ಲಿರುವ ಆ ಮ್ಯೂಸಿಯಂ ದಾನದಿಂದ ಹುಟ್ಟಿದ್ದು. 1997ರಲ್ಲಿ ಆರ್ಡಿಸ್ ಮತ್ತು ರಾಬರ್ಟ್ ಜೇಮ್ಸ್ ದಂಪತಿ ತಾವು ಕೂಡಿಟ್ಟಿದ್ದ ಸುಮಾರು 950 ಕೌದಿಗಳನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಸ್ವಂತ ಕಟ್ಟಡ ಆಗಿದ್ದು 2008ರಲ್ಲಿ.

ನಮ್ಮ ಕಡೆ ನೋಡಬೇಕಾದ್ದು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಂಗಸರ ಕೌದಿ. ಹಳೇ ಸೀರೆ ತಳಕ್ಕೆ, ಮೇಲೆ ಹರಿದ ಅಂಗಿ, ಲಂಗದ ತುಂಡುಗಳು. ಮೂಲೆಯಿಂದ ಶುರು ಮಾಡಿ, ಅಂಚಿನಲ್ಲೇ ಸುತ್ತು ಹಾಕುತ್ತಾ, ಕೊನೆಗೆ ನಡುವಿಗೆ ಬರುತ್ತಾರೆ. ಎಲ್ಲಾ ಕೈಹೊಲಿಗೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಪುಟ್ಟ ತ್ರಿಕೋನ ಕೂರಿಸುತ್ತಾರೆ, ಅದು ಹೂವು. ಹೂವಿಲ್ಲದ ಕೌದಿ ಬೆತ್ತಲೆ ಅಂತೆ! ನನಗೆ ಕೌದಿಯಲ್ಲಿ ತುಂಬಾ ಇಷ್ಟ ಆ ಮೂಲೆಯೇ.

ಮರ್ಯಾದೆ ಸಿಕ್ಕಿದೆ, ಆದರೆ ದೂರದಲ್ಲಿ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಪ್ರಯತ್ನದಿಂದ 2011ರಲ್ಲಿ ನ್ಯೂಯಾರ್ಕಿನಲ್ಲಿ ಕಪ್ಪು ಜನರ ಸಂಸ್ಕೃತಿಯ ಅಧ್ಯಯನ ಕೇಂದ್ರವಾದ ಶಾಂಬರ್ಗ್ ಸೆಂಟರಿನಲ್ಲಿ ಇವುಗಳ ಪ್ರದರ್ಶನ ನಡೆಯಿತು. ನಿಮಗೆ ಅಷ್ಟು ದೂರ ಯಾಕೆ, ಯಲ್ಲಾಪುರ ಪಕ್ಕದಲ್ಲೇ ಇದೆ ಅಲ್ವಾ? ಹೊಲಿಯುವವರ ಹತ್ತಿರವೇ ಕೊಳ್ಳಿ. ಚೌಕಾಸಿ ಮಾತ್ರ ಬೇಡ.