‘ಬೇಬಿ ಆಫ್ ಕಾವ್ಯ’ಗೆ ಒಂದು ಹೆಸರು

(ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಹೆಸರೇ ಜಗಳದ ವಸ್ತು, ಹಾಗಾಗಿ ಪ್ರತಿ ಹೆಸರಿನ ಜಾಗದಲ್ಲಿ ಅದೇ ಬಗೆಯ ಇನ್ನೊಂದು ಹೆಸರು ಹಾಕಿದ್ದೇನೆ.)

ಮಗುವಿಗೆ ಏಳು ತಿಂಗಳು. ಹೆಣ್ಣು ಮಗು. ಲಸಿಕೆ ಕಾರ್ಡಿನ ಮೇಲೆ ಇನ್ನೂ ‘ಬೇಬಿ ಆಫ್ ಕಾವ್ಯ’ ಅಂತಲೇ ಇತ್ತು. ಮನೆಯಲ್ಲಿ ಪಾಪು, ಚಿನ್ನು, ಪುಟ್ಟಿ, ಯಾರ ಬಾಯಿಗೆ ಯಾವುದು ಬಂತೋ ಅದು. ಕಾವ್ಯ ಅವರ ರಜೆ ಮುಗಿದು ಮಗುವನ್ನು ಡೇ ಕೇರ್‌ಗೆ ಸೇರಿಸುವ ಹೊತ್ತು ಬಂತು. ಅಲ್ಲಿಯ ಅರ್ಜಿಯಲ್ಲಿ ಮೊದಲ ಸಾಲೇ ಮಗುವಿನ ಹೆಸರು.

ಅದೇ ವಾರ ಗಂಡ ಸ್ವಾಮಿ ಅವರ ಕೈಗೆ ಮನೆಯ ಫೈಲಿನಲ್ಲಿ ಇನ್ನೊಂದು ಅರ್ಜಿ ಸಿಕ್ಕಿತು. ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸುವ ಅರ್ಜಿ. ಹೆಸರಿನ ಜಾಗದಲ್ಲಿ ‘ಹೊಂಗೆ’ ಅಂತ ಬರೆದಿತ್ತು. ಕೆಳಗೆ ಕಾವ್ಯ ಅವರ ಸಹಿಯೂ ಇತ್ತು. “ಕೊಡೋಕೆ ಹೋಗ್ತಿರ್ಲಿಲ್ಲ, ಬರೆದ್ರೆ ಹೇಗೆ ಕಾಣುತ್ತೆ ಅಂತ ನೋಡ್ದೆ ಅಷ್ಟೇ” ಅಂತ ಕಾವ್ಯ ಹೇಳಿದರು. ಸ್ವಾಮಿ ನಂಬಲಿಲ್ಲ. ಆಮೇಲೆ ಇಬ್ಬರ ನಡುವೆ ಹಾಲು, ಡಯಾಪರ್, ಬಾಡಿಗೆ ಬಿಟ್ಟರೆ ಮಾತಿಲ್ಲ. ನಾನು ಕುಟುಂಬ ಸಲಹೆಗಾರ್ತಿ. ಕಾವ್ಯ ಅವರ ಅಕ್ಕ ಇಬ್ಬರನ್ನೂ ನನ್ನ ಹತ್ತಿರ ಕಳಿಸಿದರು.

ಹೆಸರಿನ ಜಗಳ ಅಂದ ಕೂಡಲೇ “ಇದು ಹೆಸರಿನ ಜಗಳವೇ ಅಲ್ಲ, ಒಳಗೆ ಬೇರೇನೋ ಇದೆ” ಅನ್ನುವ ಚಟ ನಮ್ಮ ಕಸುಬಿನವರಿಗೆ ಇದೆ. ಅಧಿಕಾರ ಯಾರದ್ದು, ಅತ್ತೆ ಮಾತು ಎಷ್ಟು ನಡೆಯುತ್ತೆ, ಅಂತೆಲ್ಲ ಕೆದಕುತ್ತೇವೆ. ನಾನೂ ಕೇಳಿ ನೋಡಿದೆ. ಈ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಇಬ್ಬರೂ ಅಡುಗೆ ಮಾಡುತ್ತಾರೆ, ರಾತ್ರಿ ಮಗು ಎದ್ದರೆ ಸರದಿಯ ಮೇಲೆ ಏಳುತ್ತಾರೆ. ಜಗಳ ನಿಜವಾಗಿಯೂ ಹೆಸರಿನದ್ದೇ.

ಕಾವ್ಯ ಅವರದ್ದು ಮೊದಲು ಹೇಳುತ್ತೇನೆ. ಅವರು ಓದಿದ್ದು ಶಿವಮೊಗ್ಗದಲ್ಲಿ. ತರಗತಿಯಲ್ಲಿ ನಾಲ್ವರು ಕಾವ್ಯ. ಕಾವ್ಯ ಎಸ್, ಕಾವ್ಯ ಎಂ, ಉದ್ದ ಕಾವ್ಯ, ಕನ್ನಡಕದ ಕಾವ್ಯ. ಇವರು ಕಾವ್ಯ ಎಸ್. “ಮೇಷ್ಟ್ರು ಕಾವ್ಯಾ ಅಂತ ಕೂಗಿದ್ರೆ ನಾನು ಎದ್ದೇಳ್ತಾನೇ ಇರ್ಲಿಲ್ಲ ಮೇಡಂ. ನಾನಲ್ಲ ಅಂತ್ಲೇ ಅಂದ್ಕೊಳ್ತಿದ್ದೆ. ಆಫೀಸಲ್ಲೂ ಅಷ್ಟೇ. ನನಗೆ ಬರಬೇಕಾದ ಮೆಸೇಜು ಇನ್ನೊಬ್ಬ ಕಾವ್ಯಾಗೆ ಹೋಗುತ್ತೆ.” ಮಗಳಿಗೆ ಹಾಗಾಗಬಾರದು. ಹೊಂಗೆ ಅವರ ಅಜ್ಜನ ಮನೆ ಮುಂದಿದ್ದ ಮರ. ಬೇಸಿಗೆ ರಜೆಯೆಲ್ಲ ಅದರ ನೆರಳಲ್ಲೇ ಕಳೆಯುತ್ತಿತ್ತಂತೆ. ಕನ್ನಡದ ಹೆಸರು, ಚಿಕ್ಕ ಹೆಸರು, ಯಾರೂ ಇಟ್ಟಿಲ್ಲದ್ದು. ಮನಸ್ಸಿಗೆ ಹಿಡಿಸಿಬಿಟ್ಟಿತ್ತು.

ಸ್ವಾಮಿ ಅವರ ಕಡೆಯ ಮಾತು ಹೊರಗೆ ಬರಲು ಹೊತ್ತು ಹಿಡಿಯಿತು. ಎರಡನೇ ಭೇಟಿಗೆ ಅವರೊಬ್ಬರನ್ನೇ ಕರೆದೆ. “ನಿಮ್ಮ ಪೂರ್ತಿ ಹೆಸರೇನು?” ಅಂತ ಕೇಳಿದೆ. “ಟಿ. ಸ್ವಾಮಿ” ಅಂದರು. “ಟಿ ಅಂದರೆ?” ಒಂದು ಕ್ಷಣ ಸುಮ್ಮನಿದ್ದರು. “ತಿಪ್ಪೇಸ್ವಾಮಿ.”

ಚಳ್ಳಕೆರೆ ಕಡೆಯವರು. ಅಲ್ಲಿಯ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆಗಳಲ್ಲಿ ತಿಪ್ಪೇಸ್ವಾಮಿ, ತಿಪ್ಪೇಶ, ತಿಪ್ಪಮ್ಮ ಬೇಕಾದಷ್ಟು ಸಿಗುತ್ತಾರೆ. “ಮಾಡಿದಷ್ಟು ನೀಡು ಭಿಕ್ಷೆ” ಅಂದ ಸ್ವಾಮಿಯ ಹೆಸರು ಅದು. ಊರಲ್ಲಿ ಯಾರೂ ಆ ಹೆಸರು ಕೇಳಿ ನಕ್ಕಿದ್ದಿಲ್ಲ. ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಬಂದ ಮೊದಲ ದಿನ ಹಾಜರಿ ಕೂಗುವಾಗ ಲೆಕ್ಚರರ್ ಈ ಹೆಸರಿನ ಮೇಲೆ ನಿಂತರು. ಸಣ್ಣಗೆ ನಕ್ಕರು. ತರಗತಿ ಜೋರಾಗಿ ನಕ್ಕಿತು. ಆಮೇಲೆ ನಾಲ್ಕು ವರ್ಷ ಹಾಸ್ಟೆಲಿನಲ್ಲಿ ‘ತಿಪ್ಪೆ’. ಕೆಲಸಕ್ಕೆ ಸೇರಿದ ದಿನ ‘ಟಿ. ಸ್ವಾಮಿ’ ಅಂತ ಬರೆಸಿದರು. ಕಾವ್ಯಾಗೆ ಪೂರ್ತಿ ಹೆಸರು ಗೊತ್ತಿತ್ತು, ಲಗ್ನಪತ್ರಿಕೆಯಲ್ಲಿ ಅಚ್ಚಾಗಿತ್ತಲ್ಲ. ಹಾಸ್ಟೆಲಿನ ಕಥೆ ಗೊತ್ತಿರಲಿಲ್ಲ.

“ನನ್ನ ಮಗಳು ದಿನಾ ಹೆಸರು ವಿವರಿಸ್ತಾ ಕೂರಬಾರದು ಮೇಡಂ. ಅನನ್ಯ, ಸಿಂಚನ, ಏನೋ ಒಂದು. ಯಾರ ಕಣ್ಣಿಗೂ ಬೀಳದ ಹೆಸರಿಡೋಣ.”

ಒಬ್ಬರಿಗೆ ಗುಂಪಿನಲ್ಲಿ ಕಳೆದುಹೋಗುವ ಭಯ, ಇನ್ನೊಬ್ಬರಿಗೆ ಗುಂಪಿನಿಂದ ಹೊರಗೆ ನಿಲ್ಲುವ ಭಯ. ಎರಡೂ ಅನುಭವಿಸಿದ್ದೇ, ಊಹೆಯಲ್ಲ. ಹಾಗಾಗಿ “ಹೆಸರಲ್ಲಿ ಏನಿದೆ ಬಿಡಿ” ಅನ್ನುವ ಸಮಾಧಾನ ಇಲ್ಲಿ ನಡೆಯುತ್ತಿರಲಿಲ್ಲ.

ಮೂರನೇ ಭೇಟಿಗೆ ಇಬ್ಬರೂ ಬಂದರು. ಸ್ವಾಮಿ ತಮ್ಮ ಹಾಸ್ಟೆಲಿನ ಕಥೆಯನ್ನು ತಾವೇ ಹೇಳಲಿ ಅಂತ ಮೊದಲೇ ಮಾತಾಗಿತ್ತು. ಹೇಳಿದರು. ಕಾವ್ಯ ಅತ್ತರು, ಆಮೇಲೆ ವಾದಕ್ಕೇ ಇಳಿದರು! ಅದು ನನಗೆ ಹಿಡಿಸಿತು. “ಕುವೆಂಪು ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಅಂತ ಇಟ್ರು. ಆಗ ಯಾರು ಇಡ್ತಿದ್ರು ಅಂಥ ಹೆಸರು?” ಸ್ವಾಮಿ ಬಿಡಲಿಲ್ಲ. “ಅವರು ಕುವೆಂಪು ಮಕ್ಕಳು ಅಂತ ಎಲ್ರಿಗೂ ಗೊತ್ತಿತ್ತು. ನಮ್ಮ ಮಗಳಿಗೆ ಆ ಅನುಕೂಲ ಇಲ್ವಲ್ಲ.” ಆಮೇಲೆ ಬಿಡದಿ ಹತ್ತಿರದ ಭದ್ರಾಪುರದ ಮಾತು ಬಂತು. ಅಲ್ಲಿಯ ಹಕ್ಕಿಪಿಕ್ಕಿ ಜನ ಮಕ್ಕಳಿಗೆ ಗೂಗಲ್, ಕಾಫಿ, ಹೈಕೋರ್ಟ್, ಮೈಸೂರ್‌ಪಾಕ್ ಅಂತ ಇಟ್ಟಿದ್ದು ಎಷ್ಟೋ ಸಲ ಸುದ್ದಿಯಾಗಿದೆ. “ಅದೂ ಸರಿನಾ?” ಅಂತ ಸ್ವಾಮಿ ಕೇಳಿದರು. ಕಾವ್ಯ ಹೇಳಿದ್ದು: “ಅಲ್ಲಿ ಯಾಕೆ ನಗ್ತಾರೆ? ಪಕ್ಕದ ಮನೆಯವನ ಹೆಸರು ಹೈಕೋರ್ಟ್ ಆಗಿದ್ರೆ, ನಿನ್ನ ಹೆಸರು ಕಾಫಿ ಅಂದ್ರೆ ಏನು ವಿಶೇಷ? ನಗೋರು ಹೊರಗಿಂದ ಹೋದೋರು.”

ನನಗೆ ಬೇಕಾಗಿದ್ದ ಎಳೆ ಇದೇ. ತಿಪ್ಪೇಸ್ವಾಮಿಯ ಕಥೆಯೂ ಅದೇ ತಾನೇ? ಹೆಸರು ಬದಲಾಗಿರಲಿಲ್ಲ, ಊರು ಬದಲಾಗಿತ್ತು. ಹಾಗಾದರೆ ಇವರ ಮಗಳು ಬೆಳೆಯುವ ಊರು ಯಾವುದು? ಉತ್ತರ ಬೆಂಗಳೂರು. ಈಗಿನ ಬೆಂಗಳೂರಿನ ತರಗತಿಯ ಹಾಜರಿ ಪಟ್ಟಿ ನೋಡಿದವರಿಗೆ ಗೊತ್ತು. ಅಲ್ಲಿ ಅರ್ಧ ಹೆಸರುಗಳನ್ನು ಅಜ್ಜಿಯರು ಒಂದೇ ಸಲಕ್ಕೆ ಹೇಳಲಾರರು. ಯಾರೂ ಕೇಳಿರದ ಹೆಸರು ಅನ್ನುವ ಒಂದೇ ಕಾರಣಕ್ಕೆ ಅಲ್ಲಿ ಮಕ್ಕಳು ನಗುವುದು ಕಡಿಮೆ. ಅದನ್ನು ಸ್ವಾಮಿ ಅವರಿಗೆ ಬಿಡಿಸಿ ಹೇಳಿದೆ.

ಆದರೆ ಕಾವ್ಯ ಗೆದ್ದಂತೆ ಆಗಲಿಲ್ಲ. ಮಕ್ಕಳು ನಗುವುದು ಸಿದ್ಧ ಹಾಸ್ಯಕ್ಕೆ. ಆಟದ ಮೈದಾನದಲ್ಲಿ ಆಡುವ ಯಾವುದೋ ಒಂದು ಭಾಷೆಯಲ್ಲಿ ಆ ಹೆಸರಿನ ಸದ್ದಿಗೆ ಒಂದು ಜೋಕು ಮೊದಲೇ ತಯಾರಾಗಿ ಕೂತಿದ್ದರೆ ಅದು ಅಂಟಿಕೊಳ್ಳುತ್ತದೆ. ನಾನು ಕಂಡ ಮಟ್ಟಿಗೆ ಮೂರನೇ, ನಾಲ್ಕನೇ ಕ್ಲಾಸಿನಲ್ಲಿ ಇದು ಶುರುವಾಗುತ್ತದೆ. ತಿಪ್ಪೆ ಅಂಥದ್ದು. ಹೊಂಗೆ? ಅದನ್ನು ನಾನು ಹೇಳಲಿಲ್ಲ. ಪರೀಕ್ಷೆ ಮಾಡಿಕೊಂಡು ಬನ್ನಿ ಅಂತ ಮನೆಕೆಲಸ ಕೊಟ್ಟೆ.

ಒಂದು ವಾರ ಆ ಹೆಸರನ್ನು ಬಳಸಿ. ಗೇಟಿನ ಹತ್ತಿರ ನಿಂತು ಜೋರಾಗಿ ಕೂಗಿ. ಫೋನಿನಲ್ಲಿ ಗುರುತಿಲ್ಲದವರಿಗೆ ಹೇಳಿ, ಅವರು ಏನು ಬರೆದುಕೊಂಡರು ಕೇಳಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಕನ್ನಡ ಬರದ ಒಬ್ಬರಿಂದ ಓದಿಸಿ. ಮುಖ್ಯವಾಗಿ ಎಂಟೊಂಬತ್ತು ವರ್ಷದ ಒಂದು ಮಗುವನ್ನು ಹಿಡಿದು, “ಈ ಹೆಸರಿನೋರು ನಿನ್ನ ಕ್ಲಾಸಲ್ಲಿದ್ರೆ ಏನಂತ ರೇಗಿಸ್ತೀಯಾ?” ಅಂತ ಕೇಳಿ. ಈ ವಿಷಯದಲ್ಲಿ ಅವರಷ್ಟು ಪ್ರಾಮಾಣಿಕ ತಜ್ಞರು ನಮ್ಮಲ್ಲಿ ಯಾರೂ ಇಲ್ಲ.

ಸ್ವಾಮಿ ಅವರಿಗೆ ಬೇರೆ ಕೆಲಸ. ಅಲ್ಲಿಯವರೆಗೆ ಅವರು ಬೇಡ ಅಂದಿದ್ದು ಮಾತ್ರ. ಅನನ್ಯ, ಸಿಂಚನ ಎಲ್ಲ ಸುಮ್ನೆ ಹೇಳಿದ್ದು. ಬೇಡ ಅನ್ನುವ ಹಕ್ಕು ಇಬ್ಬರಿಗೂ ಇದೆ, ಆದರೆ ಒಂದು ಬೇಡದ ಜೊತೆಗೆ ತಾವು ಮನಸಾರೆ ಕೂಗಬಲ್ಲ ಒಂದು ಹೆಸರು ತರಬೇಕು. ಇದು ನಾನು ಹಾಕಿದ ಷರತ್ತು. ಇಲ್ಲದಿದ್ದರೆ ಒಬ್ಬರು ಹುಡುಕುತ್ತಲೇ ಇರುತ್ತಾರೆ, ಇನ್ನೊಬ್ಬರು ತಲೆಯಾಡಿಸುತ್ತಲೇ ಇರುತ್ತಾರೆ.

ಇನ್ನು ದೊಡ್ಡವರ ಮಾತು. ನಿರ್ಧಾರ ಆಗುವ ತನಕ ಯಾರ ಮುಂದೆಯೂ ಹೆಸರಿನ ಚರ್ಚೆ ಬೇಡ ಅಂದೆ. ಹೇಳುವ ಹೊತ್ತಿಗೆ ತಡವಾಗಿತ್ತು. ಆದರೆ ಅಚ್ಚರಿ ಅಂದರೆ ಚಳ್ಳಕೆರೆಯ ಅಜ್ಜಿಗೆ ಹೊಂಗೆ ಬಗ್ಗೆ ಏನೂ ತಕರಾರಿಲ್ಲ. “ಹೊಂಗೆ ಅಂದ್ರೆ ಏನಾಗೈತೆ? ಹೊಲದ ಬದುವಿನ ಮ್ಯಾಲೆ ಐತಲ್ಲ” ಅಂದರಂತೆ. ತಕರಾರು ಶಿವಮೊಗ್ಗದ ಅಜ್ಜಿಯದ್ದು. ಮಗು ಹುಟ್ಟಿದ್ದು ಆರಿದ್ರಾ ನಕ್ಷತ್ರ, ಮೂರನೇ ಪಾದ. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಪಾದಗಳಿಗೆ ಒಂದೊಂದು ಅಕ್ಷರ. ಈ ಮಗುವಿನ ಪಾದಕ್ಕೆ ಬಂದಿದ್ದು ‘ಙ’! ವರ್ಣಮಾಲೆ ಹೇಳುವಾಗ ಬಿಟ್ಟರೆ ಯಾರು ಅದನ್ನು ಬಾಯಿಗೆ ತಂದಿದ್ದಾರೆ? ಅಜ್ಜಿ ಜೋಯಿಸರನ್ನು ಕೇಳಿ ಬೇರೆ ಅಕ್ಷರ ಹಿಡಿದು ಕೂತಿದ್ದರು. ಇದಕ್ಕೆ ನಮ್ಮ ಸಂಪ್ರದಾಯದಲ್ಲೇ ದಾರಿ ಇದೆ. ನಕ್ಷತ್ರನಾಮ ಬೇರೆ, ವ್ಯವಹಾರನಾಮ ಬೇರೆ. ಒಂದನ್ನು ತೊಟ್ಟಿಲ ಶಾಸ್ತ್ರದಲ್ಲಿ ಕಿವಿಯಲ್ಲಿ ಹೇಳಿ, ಇನ್ನೊಂದನ್ನು ದಾಖಲೆಗೆ ಬರೆಸಿ ಅಂದೆ. ಅಜ್ಜಿ ಒಪ್ಪಿದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಇಬ್ಬರಿಗೂ ತಲೆಬಿಸಿ ಮಾಡಿದ್ದ ಇನ್ನೊಂದು ವಿಷಯ ಗಡುವು. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು ನಿಜ, ಆದರೆ ಹೆಸರು ಆಗಲೇ ಇರಬೇಕೆಂದಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೂ 15 ವರ್ಷದ ತನಕ ತಡ ಶುಲ್ಕ ಕಟ್ಟಿ ಸೇರಿಸಲು ಅವಕಾಶ ಇದೆ. ಇವರಿಗೆ ಇನ್ನೂ ಐದು ತಿಂಗಳಿತ್ತು. ಅವಸರ ಬೇಡ. ಆದರೆ ಬರೆಸುವಾಗ ಎಚ್ಚರ ಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಆಧಾರ್‌ಗೆ, ಪಾಸ್‌ಪೋರ್ಟಿಗೆ, ಮುಂದೆ ಡ್ರೈವಿಂಗ್ ಲೈಸೆನ್ಸಿಗೆ, ಮತದಾರರ ಪಟ್ಟಿಗೆ, ಎಲ್ಲಕ್ಕೂ ಹುಟ್ಟಿದ ದಿನ, ಊರಿನ ಆಧಾರ ಈ ಜನನ ಪ್ರಮಾಣಪತ್ರವೇ. ದೊಡ್ಡವಳಾದ ಮೇಲೆ ಹೆಸರು ಬದಲಿಸಬೇಕಾದರೆ ಅಫಿಡವಿಟ್, ಪೇಪರಿನಲ್ಲಿ ಜಾಹೀರಾತು, ರಾಜ್ಯಪತ್ರ ಅಂತ ಓಡಾಟ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಏರಿದ ಮೇಲಂತೂ ಇನ್ನೂ ಜಾಸ್ತಿ.

ವಾರ ಕಳೆದು ಬಂದರು. ಕಾವ್ಯ ಕೂತ ತಕ್ಷಣ “ಹೊಂಗೆ ಬೇಡ ಮೇಡಂ” ಅಂದರು. ಅಕ್ಕನ ಮಗನನ್ನು ಕೇಳಿದ್ದರಂತೆ. ಅವನು ಯೋಚಿಸಲೂ ಇಲ್ಲ. “ಹೊಂಗೆ ಎಣ್ಣೆ” ಅಂದ. ಅದಾದರೂ ಪರವಾಗಿಲ್ಲ. ಆಮೇಲೆ ಶಾಲೆಯ ಪ್ರಾರ್ಥನೆಯಲ್ಲಿ ಹೇಳಿಸುವ ಹಿಂದಿ ಹಾಡನ್ನು ಎತ್ತಿಕೊಂಡ. “ಹೋಂಗೇ” ಅಂತ ಬಂದಾಗಲೆಲ್ಲ ಇಲ್ಲದ ತಂಗಿಯ ಕಡೆ ಬೆರಳು ತೋರಿಸಿ ಕುಣಿದ. ಕಾವ್ಯಾಗೆ ನಗು ತಡೆಯಲಾಗಲಿಲ್ಲ. ಡೇ ಕೇರಿನ ರಿಸೆಪ್ಶನ್ನಿನವರು ಇಂಗ್ಲಿಷಿನಲ್ಲಿ ಬರೆದಿದ್ದನ್ನು ‘ಹಾಂಜ್’ ಅಂತ ಓದಿದರಂತೆ.

ಸ್ವಾಮಿ ತಮ್ಮ ಪಟ್ಟಿ ತಂದಿದ್ದರು. ಮೂರು ಹೆಸರು. ಮೂರೂ ಅವರ ಸೀಮೆಯವು. ಒಂದು ವೇದಾವತಿ ನದಿಯದ್ದು, ಇನ್ನೊಂದು ಬಯಲುಸೀಮೆಯ ಒಂದು ಹುಲ್ಲಿನದ್ದು, ಮತ್ತೊಂದು ಅಜ್ಜಿ ಬಾಯಲ್ಲಿ ಮಾತ್ರ ಉಳಿದ ಒಂದು ಪದ. ಅನನ್ಯ ಇರಲಿಲ್ಲ. “ಯಾರ ಕಣ್ಣಿಗೂ ಬೀಳದ ಹೆಸರು ಬರೀಬೇಕು ಅಂತ ಕೂತೆ. ಅವು ಯಾವೂ ಅವಳ ಮುಖಕ್ಕೆ ಹೊಂದಲಿಲ್ಲ” ಅಂದರು.

ಮೂರರಲ್ಲಿ ಒಂದನ್ನು ಇಬ್ಬರೂ ಒಪ್ಪಿದರು, ಅಕ್ಕನ ಮಗನ ಪರೀಕ್ಷೆಯಲ್ಲೂ ಅದು ಪಾಸಾಯಿತು. ಯಾವುದು ಅಂತ ಇಲ್ಲಿ ಬರೆಯುವಂತಿಲ್ಲ. ಬರೆದರೆ ಹುಡುಕಿದವರಿಗೆ ಒಂದೇ ಮನೆ ಸಿಗುತ್ತದೆ. ಅಪರೂಪದ ಹೆಸರಿನ ಈ ಬೆಲೆಯನ್ನೂ ಅವತ್ತೇ ಹೇಳಿದ್ದೆ. ಸಾವಿರ ಕಾವ್ಯರ ನಡುವೆ ಅಡಗಿಕೊಳ್ಳಬಹುದು, ಈ ಮಗುವಿಗೆ ಆ ಮರೆ ಇಲ್ಲ. ಹಾಗಾಗಿ ಫೋಟೋ ಜೊತೆ ಪೂರ್ತಿ ಹೆಸರು ಹಾಕಿ ಎಲ್ಲ ಕಡೆ ಹಂಚಬೇಡಿ ಅಂದೆ. ಕಾವ್ಯ ಅದಾಗಲೇ ಮಗಳ ಹೆಸರಿನಲ್ಲಿ ಸಾಮಾಜಿಕ ಜಾಲತಾಣದ ಒಂದು ಖಾತೆ ತೆರೆಯಲು ಹೊರಟಿದ್ದರು, ಬಿಟ್ಟರು. ಇಂಗ್ಲಿಷ್ ಕಾಗುಣಿತ ಒಂದೇ ಇರಲಿ, ನ್ಯೂಮರಾಲಜಿ ಅಂತ ಎರಡು ಅಕ್ಷರ ಹೆಚ್ಚು ತುರುಕಬೇಡಿ ಅಂತಲೂ ಹೇಳಿದೆ. ಇನಿಷಿಯಲ್ ಇಟ್ಟರೆ ಅದರ ವಿಸ್ತಾರ ಈಗಲೇ ಗೊತ್ತುಮಾಡಿಕೊಳ್ಳಿ, ಪಾಸ್‌ಪೋರ್ಟಿನ ಹೊತ್ತಿಗೆ ಅದನ್ನು ಬಿಡಿಸಿ ಬರೆಯಬೇಕಾಗುತ್ತೆ.

ಅರ್ಜಿ ಕೊಡುವ ಮೊದಲು ಪ್ರಮಾಣಪತ್ರ ತೆಗೆದು ನೋಡಿದಾಗ ಇನ್ನೊಂದು ತೊಡಕು ಕಂಡಿತು. ತಂದೆಯ ಹೆಸರಿನ ಜಾಗದಲ್ಲಿ ‘ಟಿ ಸ್ವಾಮಿ’ ಅಂತಿದೆ. ಹೆರಿಗೆಗೆ ದಾಖಲಿಸುವಾಗ ಆಸ್ಪತ್ರೆಯ ಕೌಂಟರಿನಲ್ಲಿ ಸ್ವಾಮಿ ಅಭ್ಯಾಸಬಲದಿಂದ ಹಾಗೇ ಹೇಳಿದ್ದರು. ಅವರ ಆಧಾರ್, ಅಂಕಪಟ್ಟಿ ಎಲ್ಲದರಲ್ಲೂ ಇರುವುದು ತಿಪ್ಪೇಸ್ವಾಮಿ. ಹೀಗೇ ಬಿಟ್ಟರೆ ಶಾಲೆಯಲ್ಲಿ, ಪಾಸ್‌ಪೋರ್ಟ್ ಕಚೇರಿಯಲ್ಲಿ ಅಪ್ಪನ ಹೆಸರು ತಾಳೆಯಾಗುವುದಿಲ್ಲ. ಸ್ವಾಮಿ ನನ್ನನ್ನು ಕೇಳಿದರು, “ನಾನೇ ಎಲ್ಲ ಕಡೆ ಟಿ. ಸ್ವಾಮಿ ಅಂತ ಬದಲಿಸ್ಕೊಂಡ್ರೆ?” ಆಗುತ್ತೆ, ಅದೂ ಒಂದು ದಾರಿ, ಖರ್ಚು ಓಡಾಟ ಜಾಸ್ತಿ ಅಂದೆ. ಯಾವುದು ಸರಿ ಅಂತ ಹೇಳಲು ಹೋಗಲಿಲ್ಲ. ಅದು ಅವರ ಹೆಸರು.

ಅವರು ಪ್ರಮಾಣಪತ್ರವನ್ನೇ ತಿದ್ದಿಸುವುದು ಅಂತ ತೀರ್ಮಾನಿಸಿದರು. ಮಗಳ ಹೆಸರು ಸೇರಿಸುವ ಅರ್ಜಿಯ ಜೊತೆಗೇ ಅದನ್ನೂ ಕೊಟ್ಟಿದ್ದಾರೆ. ಮಗಳ ಹೆಸರು ಬಂದಿದೆ. ತಿದ್ದುಪಡಿಗೆ ಇನ್ನೊಂದು ದಾಖಲೆ ಕೇಳಿದ್ದಾರಂತೆ. ಆಫೀಸಿನಲ್ಲಿ, ಹಳೆಯ ಬ್ಯಾಂಕ್ ಖಾತೆಯಲ್ಲಿ ಈಗಲೂ ಟಿ. ಸ್ವಾಮಿಯೇ. ಶಾಲೆಗೆ ಅರ್ಜಿ ಹಾಕುವುದರೊಳಗೆ ಅವನ್ನೂ ಒಂದು ಕಡೆಗೆ ತನ್ನಿ ಅಂತ ಹೇಳಿದ್ದೇನೆ.