ಬಿಸಿಯೂಟ ಪೌಷ್ಟಿಕವಾಗಿದೆಯಾ, ಹೇಗೆ ನೋಡೋದು?

ಪ್ರಶ್ನೆ: ಮಗಳು ನಮ್ಮೂರ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿದ್ದಾಳೆ. ಬಿಸಿಯೂಟದ ಸಾಂಬಾರ್ ನೀರು ನೀರಾಗಿರುತ್ತೆ ಅಂತಾಳೆ. ಈ ಸಲ ನಾನೂ ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ, ಮೇಲ್ವಿಚಾರಣೆ ನೋಡಿಕೊಳ್ಳುವ ಸಮಿತಿ) ಸದಸ್ಯೆ. ಊಟ ಸರಿಯಾಗಿದೆಯೋ ಇಲ್ಲವೋ ಹೇಗೆ ತಿಳಿಯಬೇಕು? ಸುಮ್ನೆ ಮನೆಯಿಂದಲೇ ರೊಟ್ಟಿ ಡಬ್ಬಿ ಕಟ್ಟಲೇ?
– ಒಬ್ಬ ತಾಯಿ, ಮುಂಡರಗಿ ತಾಲ್ಲೂಕು

ಉತ್ತರ: ಡಬ್ಬಿಯ ಮಾತು ಆಮೇಲೆ. ಒಂದು ದಿನ ಬೆಳಿಗ್ಗೆ, ಒಲೆ ಹಚ್ಚುವ ಮುಂಚೆ ಶಾಲೆಗೆ ಹೋಗಿ. ಸಾಂಬಾರ್ ಕುದ್ದ ಮೇಲೆ ಅದರಲ್ಲಿ ಬೇಳೆ ಎಷ್ಟು ಬಿದ್ದಿತ್ತು ಅಂತ ನೋಡಿ ಹೇಳೋದು ಕಷ್ಟ. ತಕ್ಕಡಿ ಮುಂದೆ ನಿಂತರೆ ಗೊತ್ತಾಗುತ್ತೆ.

ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಅಂತ ನಿಯಮ. ಆರರಿಂದ ಎಂಟಕ್ಕೆ ಇದರ ಒಂದೂವರೆ ಪಟ್ಟು. ಅಂದರೆ ಅವತ್ತು ಐದನೇ ತರಗತಿವರೆಗಿನ 60 ಮಕ್ಕಳು ಬಂದಿದ್ದರೆ ಪಾತ್ರೆಗೆ ಒಂದು ಕಿಲೋ ಇನ್ನೂರು ಗ್ರಾಂ ಬೇಳೆ, ಮೂರು ಕಿಲೋ ತರಕಾರಿ ಬೀಳಬೇಕು. ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡೇ ನೋಡಿ. ಕಡಿಮೆ ಬಿದ್ದರೆ ಅಡುಗೆಯವರ ಮೇಲೆ ರೇಗಬೇಡಿ. ಅವರು ಕೊಟ್ಟಷ್ಟರಲ್ಲಿ ಬೇಯಿಸೋರು. ಕೇಳಬೇಕಾದ್ದು ಮುಖ್ಯ ಶಿಕ್ಷಕರನ್ನು, ಎಸ್‌ಡಿಎಂಸಿ ಸಭೆಯಲ್ಲಿ.

ತೂಕ ಸರಿಯಿದ್ದರೂ ಇನ್ನೊಂದು ವಿಷಯ ಇದೆ. ಮೂರು ಕಿಲೋ ಅಂತ ಬರೀ ಆಲೂಗಡ್ಡೆ, ಉಳ್ಳಾಗಡ್ಡಿ ಹಾಕಿದರೆ ಲೆಕ್ಕ ತುಂಬುತ್ತೆ, ಮಕ್ಕಳಿಗೆ ಸಿಗೋದು ಕಡಿಮೆ. ವಾರದಲ್ಲಿ ಎರಡು ದಿನವಾದರೂ ಮೆಂತ್ಯ, ಪುಂಡಿಪಲ್ಯ, ನುಗ್ಗೆಸೊಪ್ಪು ಇರಲಿ. ಬಡಿಸುವಾಗ ಸ್ವಲ್ಪ ಲಿಂಬೆರಸ ಹಿಂಡಿದರೆ ಸೊಪ್ಪು, ಬೇಳೆಯ ಕಬ್ಬಿಣಾಂಶ ಮೈಗೆ ಜಾಸ್ತಿ ಹತ್ತುತ್ತದೆ. ಮೊಟ್ಟೆ ಕೊಡುವ ದಿನ ಮಗಳು ತಿನ್ನುತ್ತಾಳಾ ಅಂತಲೂ ಕೇಳಿ. ಈ ಊಟದಿಂದ ಸಿಗಬೇಕಾದ ಪ್ರೋಟೀನು 12 ಗ್ರಾಂ. ಒಂದು ಮೊಟ್ಟೆಯಲ್ಲೇ ಸುಮಾರು 6 ಗ್ರಾಂ ಇರುತ್ತೆ.

ಊಟ ಮುಗಿದ ಮೇಲೆ ಉಳಿದದ್ದನ್ನು ಸುರಿಯುವ ಬಕೆಟ್ ನೋಡಿ. ಸೊಪ್ಪೆಲ್ಲ ಅಲ್ಲೇ ಬಿದ್ದಿದ್ದರೆ ಸಣ್ಣಗೆ ಹೆಚ್ಚಿ ಬೇಳೆಯ ಜೊತೆಗೇ ಬೇಯಿಸಲು ಹೇಳಿ.

ನಿಮ್ಮದು ಮುಂಡರಗಿ ಕಡೆ ಆದ್ದರಿಂದ ನೀರಿನ ಬಗ್ಗೆ ಒತ್ತಿ ಹೇಳುತ್ತೇನೆ. ಆ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಮಕ್ಕಳ ಹಲ್ಲು, ಮೂಳೆ ಕೆಡುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ. ಅನ್ನ, ಸಾಂಬಾರ್ ಯಾವ ನೀರಲ್ಲಿ ಆಗುತ್ತಿದೆ, ಅದನ್ನು ಯಾವಾಗ ಪರೀಕ್ಷೆ ಮಾಡಿಸಿದ್ದಾರೆ ಅಂತ ಶಾಲೆಯಲ್ಲೂ ಪಂಚಾಯಿತಿಯಲ್ಲೂ ಕೇಳಿ. ವರದಿಯ ಪ್ರತಿ ಪಡೆಯಿರಿ.

ಇನ್ನು ಡಬ್ಬಿ. ಬಿಸಿಯೂಟ ಬಿಡಿಸಬೇಡಿ. ಎಲ್ಲರ ಜೊತೆ ಕೂತು ತಿಂದಾಗ ಮನೆಯಲ್ಲಿ ಮುಟ್ಟದ ಪಲ್ಯವನ್ನೂ ಮಕ್ಕಳು ತಿನ್ನುತ್ತಾರೆ. ಶಾಲೆಯಿಂದ ಬಂದ ಮೇಲೆ ರೊಟ್ಟಿ ಜೊತೆ ಹೆಸರುಕಾಳು ಪಲ್ಯ, ಒಂದಿಷ್ಟು ಶೇಂಗಾ ಚಟ್ನಿ ಕೊಡಿ. ಆಗ ಚಹಾ ಮಾತ್ರ ಬೇಡ.