ಯುದ್ಧವಾದ ದೇಶಕ್ಕೆ ಕಾಲರಾ ಕೆಲಸಕ್ಕೆ ಹೋಗಬೇಕು ಅಂದ್ರೆ ಮೊದಲು ಐಸಿಯು ಅನುಭವ ಬೇಕಾ?

ಧಾರವಾಡದಲ್ಲಿ ನರ್ಸಿಂಗ್ ಮುಗಿಸಿದಾಗ ನಾನೂ ಇದನ್ನೇ ಕೇಳಿದ್ದೆ. ಬೇಕು ಅಂದರು, ಮಾಡಿದೆ. ಆಮೇಲೆ ಒಂದು ವಿದೇಶಿ ನೆರವು ಸಂಸ್ಥೆ ಸೇರಿ 2014ರಲ್ಲಿ ದಕ್ಷಿಣ ಸುಡಾನಿನ ಜುಬಾಕ್ಕೆ ಹೋದೆ. ಹಿಂದಿನ ಡಿಸೆಂಬರಿನಲ್ಲಿ ಊರೊಳಗೇ ಗುಂಡಿನ ಕಾಳಗ ನಡೆದು ಜನ ದಿಕ್ಕಾಪಾಲಾಗಿದ್ದರು. ಮೇ ತಿಂಗಳಲ್ಲಿ ಕಾಲರಾ ಬಂತು. ಆ ವರ್ಷ ದೇಶದಲ್ಲಿ 6,000ಕ್ಕೂ ಜಾಸ್ತಿ ಜನರಿಗೆ ತಗುಲಿತು.

ನಮ್ಮ ತಂಡ ಅಲ್ಲೇ ಎಡವಿತು. ಇದ್ದಬದ್ದ ಜನ, ದುಡ್ಡು ಎಲ್ಲವನ್ನೂ ಒಂದೇ ದೊಡ್ಡ ಟೆಂಟ್ ಆಸ್ಪತ್ರೆಗೆ ಹಾಕಿದೆವು. ಮಂಚದ ನಡುವೆ ತೂತು, ಕೆಳಗೆ ಬಕೆಟ್. ಭೇದಿಯಾಗಿ ಬಕೆಟ್ಟಿಗೆ ಬಿದ್ದಷ್ಟು ನೀರನ್ನು ಮತ್ತೆ ಮೈಗೆ ತುಂಬಬೇಕು. ಬಂದು ಮುಟ್ಟಿದವರಲ್ಲಿ ಬಹಳ ಜನ ಉಳಿದರು. ಆದರೆ ಓಣಿಗಳಲ್ಲಿ ಓಆರ್‌ಎಸ್, ಅಂದ್ರೆ ಉಪ್ಪು-ಸಕ್ಕರೆ ಬೆರೆಸಿದ ಕುಡಿಯುವ ನೀರು, ಕೊಡುವ ಜಾಗಗಳನ್ನು ತಡವಾಗಿ ತೆರೆದೆವು. ಕಾಲರಾ ಜೋರಾದರೆ ತಾಸಿಗೆ ಒಂದು ಲೀಟರ್ ನೀರು ಹೋಗಿಬಿಡುತ್ತೆ. ಬಂದೂಕಿನ ಭಯಕ್ಕೆ ರಾತ್ರಿ ಯಾರೂ ಮನೆ ಬಿಡುತ್ತಿರಲಿಲ್ಲ. ಬೆಳಕು ಹರಿದ ಮೇಲೆ ಹೊತ್ತು ತರುವಷ್ಟರಲ್ಲಿ ನಾಡಿಯೇ ಸಿಗುತ್ತಿರಲಿಲ್ಲ. ಅವರಿಗೆ ರಾತ್ರಿಯಲ್ಲಿ, ಮನೆ ಹತ್ತಿರವೇ ಓಆರ್‌ಎಸ್ ಸಿಗಬೇಕಿತ್ತು, ಅಷ್ಟೇ.

ಇದು ಗೊತ್ತಿಲ್ಲದ ವಿಷಯವೂ ಅಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ನಡುವೆ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಸಲೈನ್ ಸಾಲದೇ ಹೋದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ರೊಳಗೆ ಇಳಿಯಿತು.

ಅದಕ್ಕೇ ಹೇಳ್ತೀನಿ, ಐಸಿಯು ಬಿಡಿ, ನೀರಿನ ಕೆಲಸ ಕಲಿಯಿರಿ. ಜುಬಾದ ಟ್ಯಾಂಕರುಗಳು ನೈಲ್ ನದಿಯಲ್ಲೇ ತುಂಬಿಕೊಂಡು ಬರುತ್ತಿದ್ದವು. ಚಿಕ್ಕ ನಳಿಗೆಯಲ್ಲಿ ನೀರು ಹಿಡಿದು ಪರೀಕ್ಷೆಯ ಗುಳಿಗೆ ಹಾಕಿದರೆ, ರೋಗಾಣು ಕೊಲ್ಲುವ ಕ್ಲೋರಿನ್ ಇದ್ದಾಗ ಗುಲಾಬಿ ಬಣ್ಣ ಬರುತ್ತೆ. ಟ್ಯಾಂಕರಿನಲ್ಲಿ ಗುಲಾಬಿಯಾದ ನೀರು ಮನೆಯ ಡ್ರಮ್ಮಿನಲ್ಲಿ ಎಷ್ಟೋ ಸಲ ಬಿಳಿಯಾಗೇ ಉಳಿಯುತ್ತಿತ್ತು. ಹುಬ್ಬಳ್ಳಿಯಲ್ಲಿ ವಾರಕ್ಕೊಮ್ಮೆ ನಳ ಬರುವ ಓಣಿಯಲ್ಲಿ ಬೆಳೆದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತುಂಬಿಟ್ಟ ನೀರಿಗೆ ತಂಬಿಗೆ ಜೊತೆ ಕೈಯೂ ಇಳಿಯುತ್ತೆ, ಅಲ್ವಾ?

ಹೊರಗಿನ ನೆರವು ಬೇಡ ಅಂತ ಹೇಳ್ತಿಲ್ಲ. ದಕ್ಷಿಣ ಸುಡಾನಿನ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಬರುವ ಮುಂಚೆಯೇ ಲಸಿಕೆ ಹಾಕಲು ಆಗಿದ್ದು ಆ ನೆರವಿನಿಂದಲೇ. ಆದರೆ ಸಂದರ್ಶನದಲ್ಲಿ ಸುಮ್ನೆ ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟು ಬರಬೇಡಿ. ಮೊದಲ ವಾರ ಎಷ್ಟು ಓಣಿಗಳಲ್ಲಿ ಓಆರ್‌ಎಸ್ ಕೊಡ್ತೀರಿ, ಟ್ಯಾಂಕರ್ ನೀರನ್ನು ದಿನಾ ಯಾರು ಪರೀಕ್ಷೆ ಮಾಡ್ತಾರೆ ಅಂತ ನೀವೇ ಕೇಳಿ. ಉತ್ತರ ಇಲ್ಲದಿದ್ದರೆ ಬೇರೆ ಸಂಸ್ಥೆ ಹುಡುಕಿಕೊಳ್ಳಿ.